ಎಂಟನೆಯ ಎಸಳು

ಹಾರವಾಡದ ಮಂಗೇಶನಿಗೆ ದೋಣಿ ಇರಲಿಲ್ಲ. ಆದರೆ ಅವನ ಕೈ ತಾಗದ ದೋಣಿಯೂ ಊರಲ್ಲಿರಲಿಲ್ಲ. ಮಳೆಗಾಲವಿಡೀ ದಡದಲ್ಲಿ ಕವುಚಿ ಮಲಗಿದ ದೋಣಿಗಳಿಗೆ, ಮತ್ತೆ ಕಡಲಿಗಿಳಿಯುವ ಮೊದಲು ಬಣ್ಣ ಬಳಿದು ಮೂತಿಯ ಮೇಲೆ ತಾವರೆ ಬರೆಯುವುದು ನಲವತ್ತು ವರ್ಷಗಳಿಂದ ಅವನ ಕೆಲಸ. ಅವನ ಗೆರೆ ನಡುಗಿದ್ದನ್ನು ಕಂಡವರಿಲ್ಲ. ಈ ಮಾತನ್ನು ಊರವರಿಗಿಂತ ಹೆಚ್ಚಾಗಿ ಹೇಳುತ್ತಿದ್ದವನು ಮಂಗೇಶನೇ.

ಆದರೆ ಎಂಟು ಎಸಳಿನಲ್ಲಿ ಅವನು ಬರೆಯುವುದು ಏಳೇ. ಎಂಟನೆಯದು ದೋಣಿಯ ಒಡೆಯನ ಮನೆಯ ಹೆಂಗಸಿನದು. ಅವಳು ಬರೆದು ಮುಗಿಸದೆ ದೋಣಿ ನೀರಿಗಿಳಿಯದು. ಆ ಎಸಳು ಸೊಟ್ಟಗಾದಾಗೆಲ್ಲ ಮಂಗೇಶ ಹಲ್ಲು ಕಚ್ಚಿ ಬೇರೆ ಕಡೆ ನೋಡುತ್ತಿದ್ದ. ಹೆಂಡತಿ ರುಕ್ಮಿಣಿ ಪಕ್ಕದಲ್ಲಿ ಬ್ರಶ್ ತೊಳೆಯುತ್ತಿದ್ದಳು.

ಕೋಡಿಬಾಗದ ಪ್ರೇಕ್ಷಾ ಕಾರವಾರದಲ್ಲಿ ಗ್ರಾಫಿಕ್ ಡಿಸೈನ್ ಓದುವ ಹುಡುಗಿ. ಕರಾವಳಿಯ ದೋಣಿಚಿತ್ರದ ಮೇಲೆ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಲು ಬಂದು, ನಾಲ್ಕು ದಿನ ಫೋಟೋ ತೆಗೆದುಕೊಂಡು ಹೋದಳು. ಎಂಟನೆಯ ಎಸಳಿನ ಸಂಗತಿಯನ್ನು ಅವಳಿಗೆ ಯಾರೂ ಹೇಳಲಿಲ್ಲ. ಊರಿಗೇ ಗೊತ್ತಿರುವುದನ್ನು ಯಾರಾದರೂ ಹೇಳುತ್ತಾರೆಯೇ?

ಅವಳ ಕಾಲೇಜಿನಲ್ಲಿ ಪ್ರಾಜೆಕ್ಟಿನ ಪ್ರದರ್ಶನದ ದಿನ ಮಂಗೇಶ ಇಸ್ತ್ರಿ ಅಂಗಿ ತೊಟ್ಟು, ರುಕ್ಮಿಣಿಯನ್ನು ಕರೆದುಕೊಂಡು ಬೆಳಗಿನ ಬಸ್ಸಿಗೇ ಕಾರವಾರಕ್ಕೆ ಬಂದ. ಒಳಗೆ ಬಂದವನೇ ಗೋಡೆ ನೋಡಿದ. ಹನ್ನೆರಡು ದೊಡ್ಡ ಪೋಸ್ಟರುಗಳು, ಪ್ರತಿಯೊಂದರಲ್ಲೂ ಒಂದೊಂದು ಸೊಟ್ಟ ಎಸಳು! ಮೇಲೆ ದಪ್ಪಕ್ಷರದಲ್ಲಿ: ‘ಮಂಗೇಶ ಶೈಲಿ — ಬೇಕೆಂದೇ ಡೊಂಕಾಗಿಸಿದ ಗೆರೆ.’

"ಎಂಥಾ ಮಾಡಿಟ್ಟೆ ತಂಗೀ! ಇದು ನನ್ ಕೈಯಲ್ಲ. ದೋಣಿ ಮನೆ ಹೆಂಗಸ್ರು ಬರ್ದದ್ದು."

ಪ್ರೇಕ್ಷಾಳ ಮುಖ ಬಿಳಚಿತು. "ಮಾಮಾ, ಮೂರು ತಿಂಗ್ಳ ಕೆಲ್ಸ ಇದು. ಪರೀಕ್ಷಕ್ರು ಅರ್ಧ ತಾಸಿನಾಗೆ ಬತ್ರು. ಇವತ್ತೊಂದಿನ ಸುಮ್ನಿರಿ."

"ಸುಮ್ನಿದ್ರೆ ನನ್ ಹೆಸ್ರು ಏನಾಗ್ಬೇಕು? ಮಧ್ಯಾಹ್ನ ಊರವ್ರೆಲ್ಲ ಬತ್ರು."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಲವತ್ತು ವರ್ಷದ ಹೆಸರು ಗೋಡೆಯ ಮೇಲೆ ಡೊಂಕಾಗಿ ನೇತಾಡುತ್ತಿತ್ತು. ಮಂಗೇಶನಿಗೆ ಸಿಟ್ಟೂ ಬಂತು, ಕಣ್ಣು ತುಂಬಿದ ಹುಡುಗಿಯನ್ನು ನೋಡಿ ಕನಿಕರವೂ ಆಯಿತು.

ಅಷ್ಟರಲ್ಲಿ ಪೋಸ್ಟರಿನ ಮುಂದೆ ನಿಂತಿದ್ದ ರುಕ್ಮಿಣಿ ನಕ್ಕಳು. "ಇದು ಗಂಗೆದು. ಬ್ರಶ್ ಹಿಡ್ದದ್ದೂ ಮೀನ್ ಕೊಯ್ಯೂ ಕತ್ತಿ ಹಿಡ್ದಂಗೆ. ಇದು ಮಂದಾಕಿನಿದು, ಎಡಗೈ ಅವ್ಳದ್ದು."

"ಅಲ್ವೇ, ಅದು ನಾಗಶ್ರೀದು. ಹೊಸ ಮದ್ಲಗಿತ್ತಿ, ಕೈ ನಡ್ಗೂದು ನೋಡು," ಎಂದ ಮಂಗೇಶ ಸಿಟ್ಟು ಮರೆತು. ಇಬ್ಬರೂ ಜಗಳವಾಡುತ್ತಲೇ ಹನ್ನೆರಡನ್ನೂ ಗುರುತಿಸಿದರು. ಪ್ರೇಕ್ಷಾ ಕಣ್ಣೊರೆಸಿಕೊಂಡು ‘ಮಂಗೇಶ ಶೈಲಿ’ಯ ಹಾಳೆ ಕಿತ್ತು, ಒಂದೊಂದು ಎಸಳಿನ ಕೆಳಗೂ ಅದನ್ನು ಬರೆದವಳ ಹೆಸರು ಬರೆದಳು. ಪರೀಕ್ಷಕರು ಬಂದು ಒಂದೊಂದೇ ಹೆಸರನ್ನು ಓದುತ್ತ ಬಹಳ ಹೊತ್ತು ನಿಂತರು. ಮಧ್ಯಾಹ್ನ ಬಂದ ಗಂಗೆ, ತನಗಿಂತ ದೊಡ್ಡದಾದ ತನ್ನ ಎಸಳನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕೊನೆಗೆ ಎಲ್ಲರೆದುರು ಹಲಗೆಯೊಂದರ ಮೇಲೆ ತಾವರೆ ಬರೆಯಲು ಮಂಗೇಶನನ್ನು ಕರೆದರು. ಏಳು ಎಸಳು ನೀಟಾಗಿ ಅರಳಿದವು. ರೂಢಿಯಂತೆ ಕೈ ನಿಂತಿತು. ಪಕ್ಕದಲ್ಲಿ ರುಕ್ಮಿಣಿ ಬಣ್ಣದ ಡಬ್ಬಿ ಹಿಡಿದು ನಿಂತಿದ್ದಳು. ನಲವತ್ತು ವರ್ಷ ಬ್ರಶ್ ತೊಳೆದವಳು ಒಂದು ಎಸಳನ್ನೂ ಬರೆದಿಲ್ಲವೆಂಬುದು ಮಂಗೇಶನಿಗೆ ಆಗಲೇ ಹೊಳೆದದ್ದು. ಅವನಿಗೆ ನಾಚಿಕೆಯಾಯಿತು.

"ತಗಾ, ಬರಿ."

"ನಮ್ಗೆ ದೋಣಿ ಎಲ್ಲಿ ಅದೆ?"

"ಹಲ್ಗೆ ಅದೆಯಲ್ಲ. ಬರಿ ಮಾರಾಯ್ತಿ."

ರುಕ್ಮಿಣಿ ನಾಲಿಗೆ ಕಚ್ಚಿಕೊಂಡು ಬರೆದಳು. ಅಲ್ಲಿದ್ದ ಎಲ್ಲ ಎಸಳುಗಳಿಗಿಂತ ಸೊಟ್ಟಗೆ ಬಂತು. ಮಂಗೇಶ ಈ ಸಲ ಬೇರೆ ಕಡೆ ನೋಡಲಿಲ್ಲ. ಬ್ರಶ್ ತೆಗೆದುಕೊಂಡು, ಒಂದಿಷ್ಟೂ ನಡುಗದ ಅಕ್ಷರಗಳಲ್ಲಿ ಹಲಗೆಯ ಕೆಳಗೆ ಅವಳ ಹೆಸರು ಬರೆದ.