ಮುಚ್ಚಳ ಮೊದಲು

ಮಲ್ಕಾಜ್‌ಗಿರಿಯ ನಮ್ಮ ಮನೆಗೆ ಮಳೆನೀರಿನ ಡ್ರಮ್ಮು ಕೂರಿಸಿಕೊಟ್ಟವರು ಯಾದಗಿರಿ ಕಡೆಯಿಂದ ಬಂದ ಒಬ್ಬ ನಲ್ಲಿ ಕೆಲಸದವರು. ಬೀದಿಯಲ್ಲಿ ತೆಲುಗು, ನಮ್ಮ ಅಂಗಳಕ್ಕೆ ಬಂದರೆ ಕನ್ನಡ. ಎರಡರಲ್ಲೂ ಮಾತು ಕಡಿಮೆ. ಕೆಲಸ ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಪೈಪನ್ನು ಕೆಳಗಿಟ್ಟು, ಅಂಗೈ ಒರೆಸಿಕೊಂಡು, ಒಂದೇ ಉತ್ತರ ಕೊಡುತ್ತಿದ್ದರು: “ಮುಚ್ಚಳ ಮೊದಲ್ರಿ, ನೀರು ಆಮ್ಯಾಲ.”

ಅಗಲವಾದ ಆ ಗಿಡ್ಡ ಡ್ರಮ್ಮಿಗೆ ಮಾಳಿಗೆಯ ಪೈಪು ಜೋಡಿಸಿದ ದಿನ ಅಂಗಡಿಯಿಂದ ಮುಚ್ಚಳ ಬಂದಿರಲಿಲ್ಲ. ಸಂಜೆ ಮೋಡ ಕಟ್ಟಿತು. ವಾರದಿಂದ ಟ್ಯಾಂಕರ್ ಕಾಯುತ್ತಿದ್ದ ನನಗೆ ಹಬ್ಬವೇ ಬಂದಂತಾಯಿತು. ಆದರೆ ಮೊದಲ ಹನಿ ಬೀಳುತ್ತಲೇ ಅವರು ಪೈಪು ಕಳಚಿ, ಡ್ರಮ್ಮನ್ನು ಬೋರಲು ಹಾಕಿಬಿಟ್ಟರು. ಮಾಳಿಗೆಯ ನೀರೆಲ್ಲ ಬೀದಿಗೆ ಹರಿಯಿತು.

“ತಲಿ ಕೆಟ್ಟದೇನ್ರಿ ನಿಮಗ? ಒಂದ್ ದಿನ ಮುಚ್ಚಳ ಇಲ್ದಿದ್ರ ಏನಾಗ್ತದ?” ಎಂದು ರೇಗಿದೆ.

ಅವರು ಬೋರಲು ಡ್ರಮ್ಮಿನ ಮೇಲೆ ಕೈಯಿಟ್ಟು ಮಳೆಯಲ್ಲೇ ನಿಂತಿದ್ದರು.

“ನಮ್ಮ ಮನಿ ಡ್ರಮ್ಮಿಗೂ ನಾಳಿ ಮುಚ್ಚಳ ತರ್ತೀನಿ ಅಂದಿದ್ನಿರಿ. ಮಗಳು ಮೂರು ವರ್ಷದಾಕಿ ಇದ್ಲು.”



ಮರುದಿನ ಅವರೇ ಮುಚ್ಚಳ ತಂದು, ತಿರುಪು ಬಿಗಿದು, ನನ್ನ ನಾಲ್ಕು ವರ್ಷದ ಮಗಳನ್ನು ಕರೆದರು. “ತೆಗಿ ನೋಡೋಣವ್ವಾ.”

ಅವಳು ಎರಡೂ ಕೈಯಿಂದ ಎಳೆದಳು, ಕಾಲು ಕೊಟ್ಟು ಜಗ್ಗಿದಳು, ಜೋತುಬಿದ್ದಳು. ಮುಚ್ಚಳ ಅಲ್ಲಾಡಲಿಲ್ಲ. ಸೋತು ಅವಳು ಗೊಳೋ ಎಂದು ಅತ್ತಾಗ, ಅವರು ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದೆ.

ಆಮೇಲೆ ಪೈಪು ಜೋಡಿಸಿದರು.