ಬೆನ್ನ ಹಿಂದಿನ ಕರೆ

"ದೇವರು ನನಗೆ ಹೀಗೆ ಹೇಳಿದ" ಎನ್ನುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಆತನಿಗೆ ಬೇರೆ ಉದ್ಯೋಗವಿಲ್ಲವೇ ಎಂದುಕೊಳ್ಳುತ್ತಿದ್ದೆ. ನಾನೇ ಕ್ರೈಸ್ತ ಸಭೆಯ ಉಪದೇಶಿ, ನಿಜ. ಆದರೆ ಪ್ರಾರ್ಥನೆ ಎಂದರೆ ನಾವು ಮಾತಾಡುವುದು, ದೇವರು ಕೇಳುವುದು ಎಂದೇ ತಿಳಿದಿದ್ದೆ. ಮಾತಿನಲ್ಲಿ ನನ್ನನ್ನು ಮೀರಿಸುವವರು ರಾಯಚೂರಿನಲ್ಲಿ ಕಡಿಮೆ ಎಂಬ ಹಮ್ಮೂ ಇತ್ತು. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಮಾನ್ವಿಯಿಂದ ಸಿರವಾರದ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಕೆಲವು ಮನೆಗಳಿದ್ದವು. ಒಂದು ಸಂಜೆ ನಾನು ಅಲ್ಲಿಗೆ ಹೋದಾಗ ಕೇರಿಯೆಲ್ಲ ರೂತಮ್ಮನ ಅಂಗಳದಲ್ಲಿ ಸೇರಿತ್ತು. ಅವಳ ಮೊಮ್ಮಗಳು ಸುಗುಣ ಬೆಳಗಿನಿಂದ ಕಾಣೆಯಾಗಿದ್ದಳು. ಇನ್ನೂ ಚಿಕ್ಕ ಕೂಸು. ಹುಟ್ಟಿದಾಗಿನಿಂದ ಮಾತಿಲ್ಲ, ಅಳುವುದೂ ಸದ್ದಿಲ್ಲದೆ. ಬಾವಿ, ಹಳ್ಳ, ಹೊಲ ಎಲ್ಲ ಹುಡುಕಿ ಆಗಿತ್ತು. ಅವಳ ಅಪ್ಪ ಯೋಹಾನಪ್ಪ ಕೂಗಿ ಕೂಗಿ ಗಂಟಲು ಕಟ್ಟಿ ಕುಳಿತಿದ್ದ.

ಪ್ರಾರ್ಥನೆ ಮಾಡಿರೆಂದರು. ಮಾಡಿದೆ. ಹೊತ್ತು ಮುಳುಗಿದರೂ ಮುಗಿಸಲಿಲ್ಲ. ಮುಗಿಸಿದರೆ ಆ ಮನೆಯವರ ಮುಖ ನೋಡಬೇಕಲ್ಲ ಎಂಬ ಅಂಜಿಕೆ. ಕಡೆಗೆ ರೂತಮ್ಮನೇ ನನ್ನ ತೋಳು ಹಿಡಿದಳು.

"ಯಪ್ಪಾ, ಸಾಕು ಬಿಡ್ರಿ. ಇಷ್ಟೊತ್ತನ ನೀವ ಮಾತಾಡಿದ್ರಿ. ಆತ ಏನರ ಹೇಳಾಕತ್ತಾನೇನೋ, ಒಂದೀಟು ಕೇಳೂಣು."

ಎಲ್ಲರೂ ತಲೆ ತಗ್ಗಿಸಿ ಕುಳಿತರು. ಬೇರೆ ದಾರಿಯಿಲ್ಲದೆ ನಾನೂ ಕುಳಿತೆ. ಮೊದಲು ದನದ ಕೊರಳ ಗಂಟೆ, ಯಾರದೋ ಕೆಮ್ಮು ಕೇಳಿಸುತ್ತಿತ್ತು. ಆಮೇಲೆ ಅವೂ ನಿಂತವು. ಊರ ನಾಯಿಗಳೂ ಬಾಯಿ ಮುಚ್ಚಿದ್ದವು. ಆಗ ನನ್ನ ಬೆನ್ನ ಹಿಂದೆ, ಕಿವಿಗೆ ತೀರ ಹತ್ತಿರ, ಹೆಂಗಸೊಬ್ಬಳು ಕರೆದಳು: "ಲೇ ಗುಂಡ್ಯಾ, ಇಲ್ಲಿ ಬಾ."

ಅದು ನನ್ನವ್ವನ ದನಿ. ಚಿಕ್ಕಂದಿನಲ್ಲಿ ಅವಳು ನನ್ನನ್ನು ಹಾಗೆಯೇ ಕರೆಯುತ್ತಿದ್ದಳು. ಆ ಊರಿನಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ಅವಳನ್ನು ರಾಯಚೂರಿನಲ್ಲಿ ಮಣ್ಣು ಮಾಡಿ ಎಷ್ಟೋ ವರ್ಷಗಳಾಗಿದ್ದವು. ತಿರುಗಿದರೆ ಯಾರೂ ಇಲ್ಲ. ಮತ್ತೆ ಅದೇ ದನಿ, ಈಗ ಅಂಗಳದ ಮೂಲೆಯಿಂದ. ಎದ್ದು ಹೋದೆ. ಹಸಿ ಮಣ್ಣಿನಲ್ಲಿ ಕಾಲು ಇಳಿಯಿತು. ದನಿ ನಿಂತುಹೋಯಿತು.

ಅದು ಹಗೇವಿನ ಬಾಯಿ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳದ ಗುಂಡಿ. ಬೆಳಿಗ್ಗೆ ಕಾಳು ತೆಗೆದು, ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದರು. ಹಾಗೆ ಮುಚ್ಚಿದ್ದನ್ನು ಯಾರು ಹುಡುಕುತ್ತಾರೆ?

"ಇದನ್ನ ತೆಗೀರಿ," ಎಂದೆ.

"ಮುಂಜಾನಿ ನಾನ ಮುಚ್ಚೀನ್ರೀ," ಎಂದ ಯೋಹಾನಪ್ಪ. ಅಷ್ಟರಲ್ಲೇ ಅವನ ಮುಖ ಬಿಳಿಚಿತು. ಓಡಿಹೋಗಿ ಹಾರೆ ತಂದು ಕಲ್ಲು ಎಬ್ಬಿಸಿದ. ಬೆಳಿಗ್ಗೆ ಗಂಡಸರು ಚೀಲ ಹೊತ್ತು ಬಂಡಿಯ ಕಡೆ ಹೋಗಿದ್ದಾಗ, ತೆರೆದ ಬಾಯೊಳಗೆ ಕೂಸು ಜಾರಿ ಬಿದ್ದಿರಬೇಕು.

ಮುಚ್ಚಿದ ಹಗೇವಿನ ಗಾಳಿ ಗಟ್ಟಿ ಆಳನ್ನೂ ಕೊಲ್ಲುತ್ತದೆ. ಅದಕ್ಕೇ ಮೊದಲು ದೀಪ ಇಳಿಸಿ ನೋಡುತ್ತಾರೆ. ಹಗ್ಗಕ್ಕೆ ಕಟ್ಟಿ ಇಳಿಸಿದ ಕಂದೀಲು ಅರ್ಧಕ್ಕೇ ಆರಿತು. ಆರುವ ಮುನ್ನ ತಳದ ಹುಲ್ಲಿನ ಮೇಲೆ ಕೂಸಿನ ಅಂಗಿ ಕಂಡಿತ್ತು. ರೂತಮ್ಮ ಎದೆ ಬಡಿದುಕೊಂಡಳು. ಯೋಹಾನಪ್ಪ ಯಾರ ಮಾತೂ ಕೇಳದೆ ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ಮೇಲೆಳೆದಾಗ ಅವನಿಗೆ ಅರ್ಧ ಎಚ್ಚರ ತಪ್ಪಿತ್ತು. ಅವನ ತೋಳಲ್ಲಿದ್ದ ಸುಗುಣ ಮಾತ್ರ ನಿದ್ದೆಯಿಂದ ಎದ್ದವಳಂತೆ ಕಣ್ಣುಜ್ಜಿಕೊಂಡಳು.

ಅಜ್ಜಿ ಎತ್ತಿಕೊಳ್ಳಹೋದರೆ ಅವಳು ಬರಲಿಲ್ಲ. ನನ್ನ ಹೆಗಲಾಚೆ, ಯಾರೂ ಇಲ್ಲದ ಕಡೆ ನೋಡಿ ನಕ್ಕು, ಅತ್ತ ಕೈ ಚಾಚಿದಳು. ಯಾರೋ ನಡೆದು ಹೋಗುತ್ತಿರುವಂತೆ ಅವಳ ಕಣ್ಣುಗಳು ಬಾಗಿಲ ತನಕ ಹಿಂಬಾಲಿಸಿದವು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಉಳಿದವರಿಗೆ ಏನೂ ಕೇಳಿಸಿರಲಿಲ್ಲವಂತೆ. ದೇವರು ಕರೆದದ್ದಾದರೆ ನನ್ನವ್ವನ ದನಿ ಏಕೆ? ಅವ್ವನೇ ಎನ್ನೋಣವೆಂದರೆ, ಸತ್ತವರು ಹೀಗೆ ಅಂಗಳದಲ್ಲಿ ತಿರುಗುವುದಿಲ್ಲವೆಂದು ನಾನೇ ಬೋಧಿಸುತ್ತಿದ್ದವನು. ದೇವದುರ್ಗದ ಹಿರಿಯ ಪಾದ್ರಿಗಳನ್ನು ಕೇಳಿದೆ. ಗಡ್ಡ ನೀವಿಕೊಂಡು ಮಾತು ಬದಲಿಸಿದರು. ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಆ ಕೂಸು ಮಣ್ಣಿನಡಿ ಇದ್ದಾಗ, ನಾನು ಅದೇ ಅಂಗಳದಲ್ಲಿ ನಿಂತು ಗಂಟಲು ಹರಿಯುವಂತೆ ಪ್ರಾರ್ಥಿಸುತ್ತಿದ್ದೆನಲ್ಲ, ಅಷ್ಟು ಹೊತ್ತೂ ಆ ದನಿ ನನ್ನನ್ನು ಕರೆಯುತ್ತಲೇ ಇತ್ತೇ?