ಮೆಷಿನ್ ಮೇಲಿನ ಚಾದರ

ನಮ್ಮನೇಲಿ ಯಾರೂ ಟೀಶರ್ಟ್ ಕೊಂಡವರಲ್ಲ. ಆದರೂ ಬೀರು ಬಾಗಿಲು ತೆಗೆದರೆ ಸಾಕು, ಮೈಮೇಲೆ ಬೀಳುತ್ತವೆ. ನಮ್ಮೆಜಮಾನರು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ. ಸಂಬಳದ ಮಾತೆತ್ತಿದಾಗಲೆಲ್ಲ ಅಲ್ಲಿ ಒಂದೊಂದು ಟೀಶರ್ಟ್ ಕೊಟ್ಟು ಕಳಿಸುತ್ತಾರೆ. ಎದೆ ಮೇಲೆ ‘ಸುರಕ್ಷತೆಯೇ ಮೊದಲು’, ಬೆನ್ನ ಮೇಲೆ ‘ನಾವೆಲ್ಲ ಒಂದೇ ಕುಟುಂಬ’. ಅಬ್ಬಬ್ಬಾ, ಏನು ಅಕ್ಕರೆ! ಇದು ಸಾಲದು ಅಂತ ಎಲೆಕ್ಷನ್‌ದು, ರಕ್ತದಾನ ಶಿಬಿರದ್ದು, ಕಬಡ್ಡಿ ಪಂದ್ಯದ್ದು ಬೇರೆ.

ಎಸೆಯೋಕೆ ನನಗೆ ಕೈ ಬರಲ್ಲ. ಹಾಗಾಗಿ ಕತ್ತರಿಸಿ ಹೊಲಿಯೋಕೆ ಕೂತೆ. ನಂದು ಕಾಲಲ್ಲಿ ತುಳಿಯೋ ಹಳೇ ಮೆಷಿನ್. ಟೀಶರ್ಟ್ ಬಟ್ಟೆ ಕೊಟ್ಟರೆ ಅದು ಎಳೆದಾಡಿ ಸುಕ್ಕು ಮಾಡಿಬಿಡುತ್ತೆ. ಬಟ್ಟೆ ಕೆಳಗೆ ಒಂದು ಪಟ್ಟಿ ನ್ಯೂಸ್‌ಪೇಪರ್ ಇಟ್ಟು ಹೊಲಿದು, ಆಮೇಲೆ ಪೇಪರ್ ಹರಿದು ತೆಗೆಯಬೇಕು. ಪೇಪರ್ ತರಿಸಿದ್ದಕ್ಕೆ ನಮಗೆ ಸಿಕ್ಕ ಪ್ರಯೋಜನ ಅದೊಂದೇ. ಹೀಗೆ ನನಗೆ ಎರಡು ನೈಟಿ ಆಯಿತು, ಇವರಿಗೆ ಚಡ್ಡಿ ಆಯಿತು. ಚಡ್ಡಿಯ ಹಿಂಬದಿಗೆ ‘ನಿಮ್ಮ ಅಮೂಲ್ಯ ಮತ’ ಅಂತ ಬಂದದ್ದು ನನ್ನ ತಪ್ಪಲ್ಲ, ಬಟ್ಟೆ ಇದ್ದದ್ದೇ ಅಷ್ಟು.

ಮಗಳನ್ನು ಟಿ. ನರಸೀಪುರಕ್ಕೆ ಕೊಟ್ಟಿದ್ದೇವೆ. ಅವಳತ್ತೆ, ಅಂದರೆ ನಮ್ಮ ಬೀಗಿತ್ತಿ, ಒಂದು ಸೋಮವಾರ ದೇವಸ್ಥಾನಕ್ಕೆ ಅಂತ ಬಂದವರು ಹೇಳದೆ ಕೇಳದೆ ಮನೆಗೂ ಬಂದರು. ನಾನು ‘ರಕ್ತದಾನ ಮಾಡಿ’ ನೈಟಿಯಲ್ಲಿ ಬಾಗಿಲು ತೆಗೆದೆ.

“ಅಯ್ಯೋ ಬೀಗ್ರೇ, ಇದೇನಿದು ವೇಸ? ನಮ್ಮನೇಲಿ ಅಳೇ ಬಟ್ಟೇನ ನೆಲ ಒರ್ಸಕ್ಕೂ ಇಟ್ಕಳಲ್ಲ ಕಣ್ರೀ. ಎಲ್ಲಾನೂ ಪಾತ್ರೆಯೋಳಿಗೆ ಕೊಟ್ಟು ಸ್ಟೀಲ್ ಬೇಸಿನ್ ತಕಬುಡ್ತೀವಿ!”

ಕ್ಯಾರೇ ಅನ್ನದೆ ಕಾಫಿ ಕೊಟ್ಟು ಕಳಿಸಿದೆ. ಆದರೆ ಆಯಮ್ಮ ಊರಿಗೆ ಹೋಗಿ ನನ್ನ ಮಗಳಿಗೆ ‘ಹಳೇ ಬಟ್ಟೆ ಮನೆಯವಳು’ ಅಂತ ಹೆಸರಿಟ್ಟರಂತೆ. ಹೆರಿಗೆಗೆ ಬಂದ ಮಗಳು ಅಳುತ್ತಾ ಹೇಳಿದಳು. “ನಗ್‌ನಗ್ತಾನೇ ಅಂತಾರಮ್ಮ, ನೆಂಟ್ರು ಮುಂದೇನೂ ಅಂತಾರೆ. ಅವ್ರು ಬಂದಾಗ ಆ ಮೆಷಿನ್ ಕಾಣ್ಸೋದು ಬೇಡ ಕಣಮ್ಮ.”

ಬೀಗಿತ್ತಿ ಅಂದದ್ದು ತಾಗದ ನನಗೆ ಇದು ನಾಟಿತು. ಅವಳ ಸ್ಕೂಲ್ ಯೂನಿಫಾರಂ ಲಂಗ ಹೊಲಿದದ್ದೂ ಇದೇ ಮೆಷಿನ್ನು. ಈಗ ಅವಳಿಗೆ ಅದನ್ನು ಕಂಡರೆ ನಾಚಿಕೆ. ಅದನ್ನಲ್ಲ, ನನ್ನ ಕಂಡರೇ ನಾಚಿಕೆ. ಆದರೆ ತುಂಬಿದ ಬಸುರಿಯ ಜೊತೆ ಜಗಳ ಆಡೋಕಾಗುತ್ತಾ? ಮೆಷಿನ್ ಮೇಲೆ ಹೂವಿನ ಚಾದರ ಹೊದಿಸಿ, ಮೇಲೊಂದು ಪ್ಲಾಸ್ಟಿಕ್ ಹೂದಾನಿ ಇಟ್ಟೆ. ಆಹಾ, ನಮ್ಮ ಮನೆಗೂ ದೊಡ್ಡಸ್ತಿಕೆ ಬಂತು.

ಸಿಸೇರಿಯನ್ ಆಗಿ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ಮಧ್ಯಾಹ್ನವೇ ಬೀಗಿತ್ತಿ ಮೈಸೂರಲ್ಲಿ ಕೊಂಡ ದೊಡ್ಡ ಡಬ್ಬ ಹೊತ್ತು ತಂದರು. ಒಳಗೆ ನೆಟ್ಟಿನ ಫ್ರಾಕು, ಅದರ ತುಂಬ ಚುಚ್ಚೋ ಕಲ್ಲು. ಎಲ್ಲರಿಗೂ ತೋರಿಸಿ, ಮತ್ತೆ ಮುಚ್ಚಳ ಹಾಕಿದರು.

“ನಾಮಕರಣದ ಗಂಟ ಮಗೀಗೆ ಒಸಾದು ಸೋಕಿಸ್ಬಾರ್ದು. ಅಳೇದೇ ಆಗ್ಬೇಕು, ಅದೂ ಮನೆ ಇರೀಕ್ರು ಆಕ್ಕೊಂಡು ಮೆತ್ತಗಾಗಿರೋದು. ಶಾಸ್ತ್ರ ಕಣ್ರೀ.”

ಹಾಗಂದವರೇ ನಮ್ಮ ಬೀರು ಕಡೆ ನೋಡಿದರು. ಅವರ ಮನೆಯ ಹಳೇ ಬಟ್ಟೆಯೆಲ್ಲ ಸ್ಟೀಲ್ ಬೇಸಿನ್ನಾಗಿ ಅಡುಗೆಮನೆಯಲ್ಲಿ ಥಳಥಳ ಅಂತಿತ್ತಲ್ಲ! ಕೂಸಿಗೆ ಬೇಸಿನ್ ತೊಡಿಸೋಕಾಗುತ್ತಾ?

“ನಿಮ್ಮನೇಲಿ... ಅಳೇದೇನಾರಾ ಐತಾ ಬೀಗ್ರೇ?”

ಆ ಪ್ರಶ್ನೆಗೆ ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ಅಯ್ಯೋ, ಮರ್ಯಾದಸ್ಥರ ಮನೆ ಕಣ್ರೀ ಇದು, ಹಳೇದೆಲ್ಲಿಂದ ಬರಬೇಕು ಅಂತ. ಬಾಯಿ ತೆರೆಯುವಷ್ಟರಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಬಾಣಂತಿ ಮಂಚದ ಮೇಲಿಂದಲೇ ಅಂದಳು.

“ಅಮ್ಮ, ಆ ಚಾದರ ತೆಗಿ.”

ನನಗೆ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡೆ. ಅವಳು ಇನ್ನೂ ಜೋರಾಗಿ ಅಂದಳು. “ಮೆಷಿನ್ ಮೇಲಿನ ಚಾದರ ತೆಗಿಯಮ್ಮ. ಅಪ್ಪನ ಟೀಶರ್ಟಲ್ಲಿ ಮೆತ್ತಗಿರೋದು ನೋಡಿ ಇವಳಿಗೊಂದು ಅಂಗಿ ಹೊಲಿ. ಹಳೇ ಬಟ್ಟೆ ಮನೆಯವಳ ಮಗಳಲ್ವಾ ಅತ್ತೆ, ಇನ್ನೇನು ಹಾಕ್ಕೊತಾಳೆ?”

ಬೀಗಿತ್ತಿಗೆ ಡಬ್ಬದ ಮುಚ್ಚಳದ ಮೇಲೆ ಓದೋಕೆ ತುಂಬಾ ಇತ್ತು ಅಂತ ಕಾಣುತ್ತೆ, ತಲೆ ಎತ್ತಲಿಲ್ಲ.

ಹೂದಾನಿ ಕೆಳಗಿಟ್ಟೆ. ಕಣ್ಣು ಮಂಜಾಗಿ ಸೂಜಿಗೆ ದಾರ ಏರಿಸೋಕೆ ಹೊತ್ತು ಹಿಡಿಯಿತು. ಒಗೆದು ಒಗೆದು ಬಾಳೆಸುಳಿಯ ಹಾಗಾಗಿದ್ದ ಸುರಕ್ಷತೆ ಟೀಶರ್ಟಿಗೆ ಕತ್ತರಿ ಹಾಕಿದೆ. ಗುಂಡಿ ಬೇಡ, ಪಕ್ಕಕ್ಕೆ ಕಟ್ಟೋ ಲಾಡಿ ಸಾಕು. ತೊಡಿಸಿ ನೋಡಿದರೆ ಕೂಸಿನ ಎದೆ ಮೇಲೆ ‘ಮೊದಲು’ ಅಂತ ಒಂದು ಪದ ಮಾತ್ರ ಉಳಿದಿತ್ತು. ಮಗಳು ಅದನ್ನು ಓದಿ, ಹೊಲಿಗೆ ನೋಯುತ್ತೆ ಅಂತ ಹೊಟ್ಟೆ ಹಿಡಿದುಕೊಂಡೇ ನಕ್ಕಳು.

ಚಾದರ ಮತ್ತೆ ಹೊದಿಸಲಿಲ್ಲ. ಬೀಗಿತ್ತಿಯ ಎದುರಿಗೇ ಕತ್ತರಿಸಿದೆ, ಕೂಸಿನ ಲಂಗೋಟಿಗೆ ಸರಿಹೋಯಿತು.